ನಾಲೆಗೆ ನೀರು ಬಿಡುತ್ತಾರೆ: ಇಂಗ್ಲಿಷಿನಲ್ಲಿ ವರ್ತಮಾನ, ಭವಿಷ್ಯತ್ತುಗಳ ಆಯ್ಕೆ

ದತ್ತಿ ಉಪನ್ಯಾಸದ ಮುದ್ರಿತ ಪಾಠ

‘ನಾಲೆಗೆ ನೀರು ಬಿಡುತ್ತಾರೆ’ ಎಂಬ ಮಾತು ಕಬಿನಿ ಬಯಲಿನ ಊರುಗಳಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಅರ್ಥ ಕೊಡುತ್ತದೆ. ಮಳೆಯನ್ನೇ ನಂಬಿದ ಸೀಮೆಯಿಂದ ಬಂದ ನೆಂಟನೊಬ್ಬ ‘ಇಲ್ಲಿ ಭತ್ತಕ್ಕೆ ನೀರು ಹೇಗೆ?’ ಎಂದು ಕೇಳಿದರೆ, ಅಣೆಕಟ್ಟು ತುಂಬಿದ ಮೇಲೆ ನಾಲೆಗೆ ನೀರು ಬಿಡುತ್ತಾರೆ ಎಂಬ ಉತ್ತರ ಸಿಗುತ್ತದೆ. ಅದು ವರ್ಷವರ್ಷದ ಪದ್ಧತಿ. ನೀರಾವರಿ ಸಲಹಾ ಸಮಿತಿಯ ಸಭೆ ಮುಗಿದು, ಇಂಥ ತಾರೀಖು ಎಂದು ಗೊತ್ತಾಗಿ, ಸುದ್ದಿ ಊರಿಗೆ ತಲುಪಿದಾಗಲೂ ಮಾತು ಅದೇ: ಹತ್ತನೇ ತಾರೀಖು ನೀರು ಬಿಡುತ್ತಾರೆ. ಯಾವ ಸುದ್ದಿಯೂ ಇಲ್ಲದೆ, ವೈನಾಡಿನ ಕಡೆ ಕವಿದ ಮೋಡ ನೋಡಿಯೇ ಒಟ್ಲು ಹಾಕಲು ಧೈರ್ಯ ಹೇಳುವವರೂ ‘ಬುಡ್ತಾರೆ, ಬುಡ್ತಾರೆ’ ಎನ್ನುತ್ತಾರೆ. ಮೂರು ಕಡೆಯೂ ಕ್ರಿಯಾಪದ ಒಂದೇ. ಇಂಗ್ಲಿಷಿನಲ್ಲಿ ಹೀಗೆ ಒಂದರಿಂದಲೇ ಸಾಗುವುದಿಲ್ಲ. ಮೊದಲನೆಯದಕ್ಕೆ ‘ದೇ ರಿಲೀಸ್’ ಸರಿ, ಮೂರನೆಯದಕ್ಕೆ ‘ದೇ ವಿಲ್ ರಿಲೀಸ್’ ಸರಿ. ನಡುವಿನದು, ಹೇಳುವವನು ಅದನ್ನು ನಿಗದಿಯಾದ ಕಾರ್ಯಕ್ರಮವೆಂದು ನೋಡುತ್ತಾನೋ ಮುಂದೆ ನಡೆಯುವ ಸಂಗತಿಯೆಂದು ನೋಡುತ್ತಾನೋ ಎಂಬುದರ ಮೇಲೆ, ಎರಡೂ ಆಗಬಲ್ಲದು.

ಶಾಲೆಯಲ್ಲಿ ‘ಸಿಂಪಲ್ ಪ್ರೆಸೆಂಟ್’ ಎಂದು ಕರೆಯುವ ಸಾದಾ ವರ್ತಮಾನ ರೂಪಕ್ಕೂ ‘ಫ್ಯೂಚರ್ ಟೆನ್ಸ್’ ಎಂದು ಕರೆಯುವ ‘ವಿಲ್’ ರೂಪಕ್ಕೂ ಇರುವ ಭೇದ ಇಂದು-ನಾಳೆಗಳ ಭೇದವಲ್ಲ. ನಾಳೆಯ ಸಂಗತಿ ಸಾದಾ ವರ್ತಮಾನದಲ್ಲಿ ಬರುತ್ತದೆ. ಈ ಗಳಿಗೆಯ ಸಂಗತಿ ‘ವಿಲ್’ ಹಿಡಿದು ಬರುವುದೂ ಉಂಟು. ಹೇಳುತ್ತಿರುವ ವಿಷಯ ಆಗಲೇ ನೆಲೆ ನಿಂತದ್ದೋ, ಅಥವಾ ಹೇಳುವವನ ನಿರ್ಧಾರ, ಊಹೆ, ಭರವಸೆಗಳ ಬಲದಿಂದ ಈಗ ಬಾಯಿಗೆ ಬಂದದ್ದೋ ಎಂಬುದೇ ಅಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ. ಈ ಪ್ರಶ್ನೆ ಕನ್ನಡಕ್ಕೆ ಹೊಸದೇನೂ ಅಲ್ಲ. ಕನ್ನಡ ಅದಕ್ಕೆ ಉತ್ತರವನ್ನು ವಾಕ್ಯ ಮುಗಿಸುವ ಪೂರ್ಣ ಕ್ರಿಯಾಪದದಲ್ಲಿ ಇಡದೆ ಬೇರೆಡೆ ಇಟ್ಟಿದೆ, ಅಷ್ಟೆ. ಆ ಬೇರೆಡೆ ಯಾವುದೆಂದು ತಿಳಿದರೆ ಇಂಗ್ಲಿಷಿನ ಆಯ್ಕೆಯಲ್ಲಿ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಕನ್ನಡದ ಕಾಲಗಳು

13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಮೂರು ಕಾಲಗಳಿಗೆ ಮೂರು ಪ್ರತ್ಯಯ ಹೇಳುತ್ತಾನೆ: ಭೂತಕ್ಕೆ ‘ದ’, ವರ್ತಮಾನಕ್ಕೆ ‘ದಪ’, ಭವಿಷ್ಯತ್ತಿಗೆ ‘ವ’. ‘ನೋಡಿದಪಂ’ ಎಂದರೆ ನೋಡುತ್ತಾನೆ. ಈ ‘ದಪ’ ನಡುಗನ್ನಡವನ್ನು ದಾಟಿ ಬರುವಷ್ಟರಲ್ಲಿ ಸವೆದುಹೋಯಿತು. ಅದರ ಜಾಗಕ್ಕೆ ‘ಉತ್ತ’ ಹತ್ತಿದ ರೂಪ ಬಂತು. ‘ನಡೆಯುತ್ತ ಮಾತಾಡಿದರು’ ಎಂಬಲ್ಲಿ ಇಂದಿಗೂ ಉಳಿದಿರುವ ಈ ‘ಉತ್ತ’ ಒಂದು ಕೆಲಸ ನಡೆಯುತ್ತಿರುವ ಹೊತ್ತನ್ನು ಸೂಚಿಸುತ್ತದೆ. ಪೂರ್ಣ ಕ್ರಿಯಾಪದವಾದ ಮೇಲೆ ಅದರ ವ್ಯಾಪ್ತಿ ಹಿಗ್ಗಿತು. ವಾಡಿಕೆಯನ್ನೂ ನಾಳೆಯನ್ನೂ ಅದೇ ಹೊತ್ತುಕೊಂಡಿತು. ಹಾಗಾಗಿ ಈ ಗಳಿಗೆಯಲ್ಲೇ ನಡೆಯುತ್ತಿರುವುದನ್ನು ಹೇಳಲು ‘ಬರ್ತಾ ಇದ್ದಾನೆ’ ಎಂದು ‘ಇರು’ವಿನ ನೆರವು ಪಡೆಯಬೇಕಾಯಿತು.

‘ವ’ ಹತ್ತಿದ ‘ಬರುವನು’, ‘ಹೋಗುವನು’ ರೂಪಗಳು ಪುಸ್ತಕದಲ್ಲಿವೆ, ಪ್ರಶ್ನೆಪತ್ರಿಕೆಯಲ್ಲಿವೆ, ಆಹ್ವಾನ ಪತ್ರಿಕೆಯಲ್ಲಿವೆ. ನಂಜನಗೂಡಿನ ಬಳಿಯ ಕಳಲೆಯಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ ಮನೆಮಾತಿನಲ್ಲಿ ಇಲ್ಲ. ಅಲ್ಲಿರುವುದು ‘ಬತ್ತಾನೆ’, ‘ಹೋಯ್ತಾನೆ’, ‘ಮಾಡ್ತಾನೆ’. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು (1935–2023) ಕನ್ನಡದ ಕ್ರಿಯಾಪದದಲ್ಲಿ ಮೂರು ಕಾಲಗಳಿಲ್ಲ, ಆಗಿಹೋದದ್ದು ಮತ್ತು ಆಗಿಹೋಗದ್ದು ಎಂಬ ಎರಡೇ ಭಾಗಗಳಿವೆ ಎಂದು ವಾದಿಸಿದರು. ಮೂರರ ಲೆಕ್ಕ ಸಂಸ್ಕೃತ ವ್ಯಾಕರಣದ ಚೌಕಟ್ಟಿನಿಂದ ಬಂದದ್ದು ಎಂಬುದು ಅವರ ನಿಲುವು. ಈ ವಾದದ ಉಳಿದ ಭಾಗಗಳ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಆಡುಮಾತಿನ ಮಟ್ಟಿಗೆ ಅದು ಕಿವಿಗೆ ಕೇಳುವ ಸತ್ಯ.

ಹಳೆಯ ‘ವ’ ರೂಪವಾದರೂ ಬರಿಯ ನಾಳೆಯ ರೂಪವಾಗಿರಲಿಲ್ಲ. ಸಾಮಾನ್ಯವಾಗಿ ಹೀಗಾಗುತ್ತದೆ, ಲೋಕದಲ್ಲಿ ಹೀಗೆ ನಡೆಯುತ್ತದೆ ಎನ್ನುವುದಕ್ಕೂ ಹಳಗನ್ನಡ ಅದನ್ನು ಬಳಸುತ್ತಿತ್ತು. ನೆರೆಯ ಭಾಷೆಗಳಲ್ಲೂ ಇದೇ ಕಥೆ. ತಮಿಳರು ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎಂದು ಹೇಳುವಾಗ ಭವಿಷ್ಯತ್ತಿನ ಪ್ರತ್ಯಯವನ್ನು ಹಚ್ಚುವುದುಂಟು. ತೆಲುಗಿನ ‘ವಸ್ತಾಡು’ ಕನ್ನಡದ ‘ಬರುತ್ತಾನೆ’ಯಂತೆ ದಿನವೂ ಬರುವವನಿಗೂ ನಾಳೆ ಬರುವವನಿಗೂ ಸಲ್ಲುತ್ತದೆ. ವಾಡಿಕೆ ಮತ್ತು ನಾಳೆ ದ್ರಾವಿಡ ಭಾಷೆಗಳಲ್ಲಿ ಒಂದೇ ಮನೆಯಲ್ಲಿ ವಾಸವಾಗಿವೆ. ದಕ್ಷಿಣ ಭಾರತದ ಇಂಗ್ಲಿಷಿನಲ್ಲಿ ‘ಮೈ ಫಾದರ್ ವಿಲ್ ಗೆಟ್ ಅಪ್ ಅಟ್ ಫೈವ್ ಡೈಲಿ’ ಎಂಬಂಥ ವಾಕ್ಯ ಯಾಕೆ ಇಷ್ಟು ಸಹಜವಾಗಿ ಬರುತ್ತದೆ ಎನ್ನುವುದಕ್ಕೆ ಕಾರಣ ಇಲ್ಲಿದೆ. ಅದು ದಡ್ಡತನದ ತಪ್ಪಲ್ಲ. ಸಾವಿರ ವರ್ಷ ಹಳೆಯದಾದ ಒಂದು ಜೋಡಣೆ ಇಂಗ್ಲಿಷಿನ ಬಟ್ಟೆ ತೊಟ್ಟು ಹೊರಗೆ ಬರುತ್ತಿದೆ.

ಇದಕ್ಕೆ ಎದುರು ದಿಕ್ಕಿನ ತಪ್ಪೂ ಅಷ್ಟೇ ಸಾಮಾನ್ಯ: ‘ಐ ಕಾಲ್ ಯು ಇನ್ ದಿ ಈವ್ನಿಂಗ್’, ‘ಐ ಕಮ್ ಟುಮಾರೋ’. ಇದು ಹುಟ್ಟುವುದು ಕಪ್ಪುಹಲಗೆಯ ಮೇಲಿನ ಪಟ್ಟಿಯಿಂದ. ‘ಹೋಗುತ್ತಾನೆ’ಗೆ ‘ಗೋಸ್’, ‘ಹೋಗುವನು’ಗೆ ‘ವಿಲ್ ಗೋ’ ಎಂದು ಪಟ್ಟಿ ಹೇಳುತ್ತದೆ. ಮಗು ಮನೆಯಲ್ಲಿ ‘ಹೋಗುವನು’ ಎಂದು ಒಮ್ಮೆಯೂ ಕೇಳಿರುವುದಿಲ್ಲ. ಅದರ ನಾಳೆಯೆಲ್ಲ ‘ಹೋಯ್ತೀನಿ’, ‘ಮಾಡ್ತೀನಿ’ಗಳಲ್ಲಿದೆ. ಆದ್ದರಿಂದ ನಾಳೆಯ ಮಾತನ್ನೂ ಅದು ‘ಗೋಸ್’ ಕಡೆಗೇ ತಿರುಗಿಸುತ್ತದೆ. ನಾಲ್ಕು ಸಲ ತಿದ್ದಿಸಿಕೊಂಡ ಮೇಲೆ ಹೆದರಿ, ಕಂಡಲ್ಲೆಲ್ಲ ‘ವಿಲ್’ ಸೇರಿಸಲು ತೊಡಗುತ್ತದೆ. ಹಳೆಯ ಜೋಡಣೆಯ ಜೊತೆಗೆ ಈ ಪಟ್ಟಿಯೂ ಎರಡು ತಪ್ಪುಗಳನ್ನೂ ಬೆಳೆಸುತ್ತದೆ.

ಇಂಗ್ಲಿಷಿನ ‘ವಿಲ್’

ಇಂಗ್ಲಿಷಿನಲ್ಲೂ ಮೂಲತಃ ಭವಿಷ್ಯತ್ತಿಗೆಂದೇ ಪ್ರತ್ಯೇಕ ಕ್ರಿಯಾರೂಪ ಇರಲಿಲ್ಲ. ಸಾವಿರ ವರ್ಷ ಹಿಂದಿನ ಹಳೆಯ ಇಂಗ್ಲಿಷ್ ಭೂತ ಮತ್ತು ವರ್ತಮಾನ ಎಂಬ ಎರಡೇ ರೂಪಗಳಲ್ಲಿ ಸಂಸಾರ ನಡೆಸುತ್ತಿತ್ತು. ನಾಳೆಯ ಮಾತಿಗೆ ವರ್ತಮಾನವೇ ಸಾಕಾಗುತ್ತಿತ್ತು. ‘ವಿಲ್’ ಎಂದರೆ ಆಗ ಬಯಸು, ಇಚ್ಛಿಸು. ‘ಶಲ್’ ಎಂದರೆ ಸಾಲವಾಗಿರು, ಮಾಡಲೇಬೇಕಾಗಿರು. ಬಯಕೆಯೂ ಬಾಧ್ಯತೆಯೂ ಕ್ರಮೇಣ ನಾಳೆಯ ಗುರುತುಗಳಾದವು. 1653ರಲ್ಲಿ ಜಾನ್ ವಾಲಿಸ್ ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ, ತನ್ನ ಬಗೆಗೆ ಮುಂದಿನದನ್ನು ಹೇಳುವಾಗ ‘ಶಲ್’, ಬೇರೆಯವರ ಬಗೆಗೆ ‘ವಿಲ್’ ಎಂಬ ನಿಯಮ ಹಾಕಿಕೊಟ್ಟ. ಭಾರತದ ಶಾಲೆಗಳಲ್ಲಿ ತಲೆಮಾರುಗಳ ಕಾಲ ಓದಿಸಿದ ರೆನ್ ಮತ್ತು ಮಾರ್ಟಿನ್ ವ್ಯಾಕರಣದ ಹಳೆಯ ಮುದ್ರಣಗಳು ಆ ನಿಯಮವನ್ನೇ ಕಲಿಸಿದವು. ಈಗಿನ ಬಳಕೆಯಲ್ಲಿ ಎಲ್ಲರಿಗೂ ‘ವಿಲ್’ ಸಲ್ಲುತ್ತದೆ. ‘ಶಲ್’ ಕಾನೂನಿನ ಭಾಷೆಯಲ್ಲಿ ಕಡ್ಡಾಯವನ್ನು ಹೇಳುತ್ತ ಉಳಿದಿದೆ. ‘ಶಲ್ ಐ’ ಎಂದು ಕೇಳುವಲ್ಲಿ ಕೂಡ ಗಟ್ಟಿಯಾಗಿದೆ. ಕನ್ನಡದ ‘ಕಾಫಿ ತರ್ಲಾ?’, ‘ಬಾಗಿಲು ಹಾಕ್ಲಾ?’ ಎಂಬಲ್ಲಿನ ‘ಲಾ’ಕ್ಕೆ ಸರಿಯಾಗಿ ಒಪ್ಪುವ ಇಂಗ್ಲಿಷ್ ಅದೇ.

ಹಡಲ್‌ಸ್ಟನ್ ಮತ್ತು ಪುಲಮ್ ಅವರ ನೇತೃತ್ವದಲ್ಲಿ 2002ರಲ್ಲಿ ಪ್ರಕಟವಾದ ಕೇಂಬ್ರಿಜ್ ವ್ಯಾಕರಣ ಇಂಗ್ಲಿಷಿಗೆ ಭವಿಷ್ಯತ್ ಕಾಲವೇ ಇಲ್ಲ ಎಂದು ನೇರವಾಗಿ ಹೇಳುತ್ತದೆ. ಅದರ ಲೆಕ್ಕದಲ್ಲಿ ‘ವಿಲ್’ ಕೂಡ ‘ಕ್ಯಾನ್’, ‘ಮೇ’, ‘ಮಸ್ಟ್’ಗಳ ಸಾಲಿನದು, ಹೇಳುವವನ ನಿಲುವನ್ನು ತೋರಿಸುವ ಸಹಾಯಕ ಪದ. ಈ ನೋಟ ಕನ್ನಡಿಗರಿಗೆ ಬೇಗ ಹತ್ತುತ್ತದೆ. ಕನ್ನಡದಲ್ಲೂ ನಾಳೆಯ ಮಳೆ ‘ಬರುತ್ತದೆ’, ‘ಬರಬಹುದು’, ‘ಬಂದೀತು’, ‘ಬರಬೇಕು’ ಎಂದು ಹೇಳುವವನ ನಂಬಿಕೆಯ ಅಳತೆಗೆ ತಕ್ಕಂತೆ ಬೇರೆ ಬೇರೆ ರೂಪ ತಾಳುತ್ತದೆ. ಇಂಗ್ಲಿಷಿನ ‘ವಿಲ್’ ಆ ಅಳತೆಯಲ್ಲಿ ಗಟ್ಟಿ ನಂಬಿಕೆಯ ತುದಿ.

ಬರೆದಿಟ್ಟ ನಾಳೆ

ಹಾಗಾದರೆ ಸಾದಾ ವರ್ತಮಾನ ಯಾವ ನಾಳೆಗೆ ಸಲ್ಲುತ್ತದೆ? ಯಾರ ಬಾಯಿಮಾತನ್ನೂ ಕಾಯದೆ ಮೊದಲೇ ನಿಗದಿಯಾಗಿರುವ ನಾಳೆಗೆ. ಮೈಸೂರಿನಿಂದ ನಂಜನಗೂಡಿನ ಮೇಲೆ ಚಾಮರಾಜನಗರಕ್ಕೆ ಹೋಗುವ ರೈಲು ನಾಳೆ ಇಷ್ಟು ಗಂಟೆಗೆ ಹೊರಡುತ್ತದೆ ಎನ್ನುವಾಗ ‘ದಿ ಟ್ರೈನ್ ಲೀವ್ಸ್’ ಎಂಬುದು ಸಹಜ. ವೇಳಾಪಟ್ಟಿ ಗೋಡೆಯ ಮೇಲಿದೆ. ಹೇಳುವವನು ಅದನ್ನು ಓದಿ ಹೇಳುತ್ತಿದ್ದಾನೆ. ಶಾಲೆ ಸೋಮವಾರ ತೆರೆಯುತ್ತದೆ, ಪರೀಕ್ಷೆ ಗುರುವಾರ ಶುರುವಾಗುತ್ತದೆ, ಯುಗಾದಿ ಈ ಸಲ ಇಂಥ ವಾರ ಬೀಳುತ್ತದೆ ಎಂಬುವೂ ಹಾಗೆಯೇ. ನಂಜನಗೂಡಿನ ದೊಡ್ಡ ಜಾತ್ರೆಯ ಪಂಚಮಹಾರಥೋತ್ಸವದ ದಿನವನ್ನು ಪಂಚಾಂಗ ಮೊದಲೇ ಗೊತ್ತುಮಾಡಿರುತ್ತದೆ. ಆ ದಿನ ಬರಲು ಇನ್ನೂ ಆರು ತಿಂಗಳಿದ್ದರೂ ಇಂಗ್ಲಿಷಿನಲ್ಲಿ ‘ಫಾಲ್ಸ್ ಆನ್’ ಎಂದು ಹೇಳುವುದೇ ಸಹಜ.

ನಾಳೆಯ ಸೂರ್ಯೋದಯವೂ ನಾಳೆಯ ಮಳೆಯೂ ಪ್ರಕೃತಿಯವೇ. ‘ದಿ ಸನ್ ರೈಸಸ್ ಅಟ್ ಸಿಕ್ಸ್ ಟ್ವೆಂಟಿ ಟುಮಾರೋ’ ಎನ್ನಬಹುದು. ‘ಇಟ್ ರೇನ್ಸ್ ಟುಮಾರೋ’ ಎನ್ನಲಾಗದು, ‘ಇಟ್ ವಿಲ್ ರೇನ್’ ಎನ್ನಬೇಕು. ಸೂರ್ಯೋದಯ ಲೆಕ್ಕ ಹಾಕಿ ಬರೆದಿಟ್ಟದ್ದು. ಮಳೆಯನ್ನು ಹವಾಮಾನ ಇಲಾಖೆ ಹೇಳಿದರೂ ಅದು ಮುನ್ಸೂಚನೆ ಮಾತ್ರ. ಪಂಚಾಂಗದಲ್ಲೋ ವೇಳಾಪಟ್ಟಿಯಲ್ಲೋ ಬರೆದಿದೆಯೇ ಎಂದು ಕೇಳಿಕೊಳ್ಳುವುದು ಇಲ್ಲಿ ಒಳ್ಳೆಯ ಪರೀಕ್ಷೆ. ಪಂಚಾಂಗದಲ್ಲಿ ಮಳೆ ನಕ್ಷತ್ರಗಳಿವೆಯಲ್ಲ ಎಂಬ ಆಕ್ಷೇಪ ಬರಬಹುದು. ಆರಿದ್ರೆ ಹುಟ್ಟುವ ದಿನಕ್ಕೆ ಸಾದಾ ವರ್ತಮಾನ ಸಲ್ಲುತ್ತದೆ, ಆರಿದ್ರೆಯ ಮಳೆ ಹೊಯ್ಯುವುದಕ್ಕೆ ಸಲ್ಲುವುದಿಲ್ಲ.

ಪದ್ಧತಿಯನ್ನು ಹೇಳುವುದಕ್ಕೂ ಅದರ ಮುಂದಿನ ಒಂದು ಸಲವನ್ನು ಹೇಳುವುದಕ್ಕೂ ಇರುವ ದೂರವನ್ನು ತಿರುಮಕೂಡಲಿನ ಕುಂಭಮೇಳ ಚೆನ್ನಾಗಿ ತೋರಿಸುತ್ತದೆ. ಕಾವೇರಿ-ಕಬಿನಿಗಳ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಮೇಳ ನಡೆಯುತ್ತದೆ. ಇದಕ್ಕೆ ‘ಟೇಕ್ಸ್ ಪ್ಲೇಸ್’ ಎಂಬ ಸಾದಾ ವರ್ತಮಾನವೇ ತಕ್ಕದ್ದು. ಆದರೆ 2019ರ ಫೆಬ್ರುವರಿಯ ಮೇಳದ ನಂತರದ ಮೇಳ ನಡೆದದ್ದು 2025ರ ಫೆಬ್ರುವರಿಯಲ್ಲಿ, ಕೋವಿಡ್ ಕಾಲ ಕಳೆದ ಮೇಲೆ. ಪದ್ಧತಿಯ ವಾಕ್ಯ ಆ ಆರು ವರ್ಷವೂ ಸುಳ್ಳಾಗಲಿಲ್ಲ. 2022ರಲ್ಲಿ ಖಂಡಿತ ನಡೆಯುತ್ತದೆ ಎಂದು ‘ವಿಲ್’ ಹಾಕಿ ಹೇಳಿದ್ದ ವಾಕ್ಯ ಮಾತ್ರ ಸುಳ್ಳಾಯಿತು. ಸಾದಾ ವರ್ತಮಾನ ಕ್ರಮಕ್ಕೆ ಸಾಕ್ಷಿ ಹೇಳುತ್ತದೆ, ‘ವಿಲ್’ ಆ ಒಂದು ಸಲಕ್ಕೆ ಹೊಣೆ ಹೊರುತ್ತದೆ.

‘ರೆ’ ಮತ್ತು ‘ಓ’

ಕನ್ನಡಿಗರು ಅತಿ ಹೆಚ್ಚು ತಪ್ಪುವ ಜಾಗವೂ, ಕನ್ನಡವೇ ಅತಿ ಹೆಚ್ಚು ನೆರವಾಗಬಲ್ಲ ಜಾಗವೂ ಒಂದೇ: ‘ಇಫ್’, ‘ವೆನ್’, ‘ಅಂಟಿಲ್’, ‘ಬಿಫೋರ್’ಗಳಿಂದ ಶುರುವಾಗುವ ಉಪವಾಕ್ಯ. ‘ಇಫ್ ಇಟ್ ವಿಲ್ ರೇನ್, ದಿ ಟ್ಯಾಂಕ್ ವಿಲ್ ಫಿಲ್’ ಎಂದು ಬರೆದ ಹುಡುಗನಿಗೆ ಮೇಷ್ಟ್ರು ಕೆಂಪು ಗೆರೆ ಎಳೆದು, ಇಫ್ ಬಂದಾಗ ವಿಲ್ ಬರುವುದಿಲ್ಲ ಎಂದು ಹೇಳುತ್ತಾರೆ. ಕಾರಣ ಹೇಳುವುದು ಅಪರೂಪ. ಕಾರಣ ಹುಡುಗನ ಬಾಯಲ್ಲೇ ಇದೆ.

‘ಮಳೆ ಬಂದರೆ ಕೆರೆ ತುಂಬುತ್ತದೆ.’ ಇಲ್ಲಿ ‘ಬಂದರೆ’ ಎಂಬುದನ್ನು ಬಿಡಿಸಿದರೆ ‘ಬಂದ’ ಮತ್ತು ‘ರೆ’ ಸಿಗುತ್ತವೆ. ‘ಬಂದ’ ಭೂತರೂಪ. ಮಳೆ ಇನ್ನೂ ಬಂದಿಲ್ಲ. ಆದರೂ ಕನ್ನಡ ಅದನ್ನು ಬಂದದ್ದೆಂದೇ ಹಿಡಿದು ಮುಂದಿನ ಮಾತು ಆಡುತ್ತದೆ. ಷರತ್ತು ಎಂದರೆ ಅದೇ ಅಲ್ಲವೇ? ಒಂದನ್ನು ಆಯಿತೆಂದು ಇಟ್ಟುಕೊಂಡು, ಅದರ ಮೇಲೆ ಇನ್ನೊಂದನ್ನು ಹೇಳುವುದು. ಆಯಿತೆಂದು ಇಟ್ಟುಕೊಂಡದ್ದನ್ನು ಕನ್ನಡ ಭೂತದಲ್ಲಿ ಇಡುತ್ತದೆ, ಇಂಗ್ಲಿಷ್ ಸಾದಾ ವರ್ತಮಾನದಲ್ಲಿ ಇಡುತ್ತದೆ: ‘ಇಫ್ ಇಟ್ ರೇನ್ಸ್’. ಭವಿಷ್ಯತ್ತಿನಲ್ಲಿ ಇಬ್ಬರೂ ಇಡುವುದಿಲ್ಲ. ‘ಮಗ ಬಂದಾಗ’, ‘ಬಂದ ಮೇಲೆ’, ‘ಬಂದ ಕೂಡಲೆ’, ‘ಮೊದಲು ಬಂದವರಿಗೆ’ ಎಂಬ ಎಲ್ಲದರಲ್ಲೂ ಇದೇ ‘ಬಂದ’ ಇದೆ. ಈ ಎಲ್ಲ ಕಡೆಯೂ ಇಂಗ್ಲಿಷಿನಲ್ಲಿ ‘ಕಮ್ಸ್’ ಎಂಬುದೇ ಸರಿ, ‘ವಿಲ್ ಕಮ್’ ಅಲ್ಲ. ‘ತನಕ’, ‘ಮುಂಚೆ’, ಊರ ಮಾತಿನ ‘ಗಂಟ’ ಮಾತ್ರ ‘ವ’ ರೂಪವನ್ನು ಕೇಳುತ್ತವೆ: ಬರುವ ತನಕ, ಬರೋ ಗಂಟ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಗಾದೆಯಲ್ಲಿ ಇರುವುದೂ ಆ ‘ವ’. ಅಲ್ಲಿಯೂ ಇಂಗ್ಲಿಷಿನಲ್ಲಿ ಸಾದಾ ವರ್ತಮಾನವೇ: ‘ಬಿಫೋರ್ ದಿ ಚೈಲ್ಡ್ ಈಸ್ ಬಾರ್ನ್’. ಕನ್ನಡದಲ್ಲಿ ಹೀಗೆ ಪೂರ್ಣ ಕ್ರಿಯಾಪದವಾಗದೆ ಅರ್ಧಕ್ಕೆ ನಿಂತ ರೂಪ ಎಲ್ಲಿದೆಯೋ, ಇಂಗ್ಲಿಷಿನಲ್ಲಿ ಅಲ್ಲಿ ಸಾಮಾನ್ಯವಾಗಿ ‘ವಿಲ್’ ಇಲ್ಲ. ‘ಇಫ್ ಇಟ್ ವಿಲ್ ರೇನ್’ ಎಂಬ ತಪ್ಪನ್ನು ಕನ್ನಡದ ತಲೆಗೆ ಕಟ್ಟುವುದು ಅನ್ಯಾಯ. ನಾಳೆ ಎಂದರೆ ವಿಲ್ ಎಂದು ಕಲಿಸಿದ ಪಾಠದ ಫಲ ಅದು.

ಇನ್ನೊಂದು ‘ಇಫ್’ ಇದೆ. ‘ಮಳೆ ಬರುತ್ತೋ ಇಲ್ಲವೋ ಗೊತ್ತಿಲ್ಲ’ ಎನ್ನುವುದಕ್ಕೆ ‘ಐ ಡೋಂಟ್ ನೋ ಇಫ್ ಇಟ್ ವಿಲ್ ರೇನ್’ ಎನ್ನಬೇಕು. ಇಲ್ಲಿ ‘ವಿಲ್’ ಬೇಕೇ ಬೇಕು. ಇಫ್ ಬಂದಾಗ ವಿಲ್ ಬರುವುದಿಲ್ಲ ಎಂಬ ಕೆಂಪು ಗೆರೆಯ ನಿಯಮ ಇಲ್ಲಿ ಮುರಿದುಬೀಳುತ್ತದೆ, ಹುಡುಗ ಇನ್ನಷ್ಟು ಗಲಿಬಿಲಿಗೆ ಬೀಳುತ್ತಾನೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಾದ್ದರಿಂದ ಭೇದ ಮಸುಕಾಗಿದೆ. ಕನ್ನಡದಲ್ಲಿ ಷರತ್ತಿಗೆ ‘ರೆ’, ಸಂದೇಹಕ್ಕೆ ‘ಓ’. ಗೊಂದಲಕ್ಕೆ ಎಡೆಯೇ ಇಲ್ಲ. ‘ವೆನ್’ ಕೂಡ ಹಾಗೆಯೇ. ‘ಅವರು ಬಂದಾಗ ಕೇಳು’ ಎಂದರೆ ‘ವೆನ್ ಹಿ ಕಮ್ಸ್’. ‘ಅವರು ಯಾವಾಗ ಬರುತ್ತಾರೋ ಕೇಳು’ ಎಂದರೆ ‘ವೆನ್ ಹಿ ವಿಲ್ ಕಮ್’. ಕನ್ನಡದಲ್ಲಿ ‘ರೆ’, ‘ಆಗ’ ಬಂದರೆ ಸಾದಾ ವರ್ತಮಾನ. ‘ಓ’ ಬಂದರೆ, ಒಳಗಿನ ಕ್ರಿಯೆ ಪೂರ್ಣ ಕ್ರಿಯಾಪದವಾಗಿ ನಿಂತಿರುವುದರಿಂದ, ನಾಳೆಗೆ ‘ವಿಲ್’. ‘ನಾಳೆ ಬರ್ತಾರೆ ಅಂತ ಅಂದುಕೊಂಡಿದ್ದೀನಿ’ ಎಂಬಲ್ಲಿನ ‘ಅಂತ’ಕ್ಕೂ ಇದೇ ನ್ಯಾಯ.

ಷರತ್ತಿನಲ್ಲಿ ‘ವಿಲ್’ ಬರುವ ಅಪರೂಪದ ಜಾಗಗಳನ್ನೂ ಕನ್ನಡ ಬೇರೆಯಾಗಿ ಗುರುತಿಸುತ್ತದೆ. ‘ನೀವು ಸ್ವಲ್ಪ ಕಾಯುವುದಾದರೆ ಒಳಗೆ ಕೇಳಿ ಬರುತ್ತೇನೆ’ ಎಂಬಲ್ಲಿ ಎದುರಿನವರ ಒಪ್ಪಿಗೆ ಕೇಳಲಾಗುತ್ತಿದೆ. ಇಂಗ್ಲಿಷಿನಲ್ಲಿ ‘ಇಫ್ ಯು ವಿಲ್ ವೇಟ್’ ಎಂಬುದು ಸರಿಯಾದ, ಮರ್ಯಾದೆಯ ಮಾತು. ‘ಇದರಿಂದ ನೋವು ಕಡಿಮೆಯಾಗುವುದಾದರೆ ಮಾತ್ರೆ ತೆಗೆದುಕೊಳ್ಳುತ್ತೇನೆ’ ಎಂಬಲ್ಲಿ ನೋವು ಕಡಿಮೆಯಾಗುವುದು ಮಾತ್ರೆ ನುಂಗಿದ ಮೇಲಿನ ಫಲ. ಅಲ್ಲಿಯೂ ‘ಇಫ್ ಇಟ್ ವಿಲ್ ಈಸ್ ದಿ ಪೇನ್’ ಎಂಬುದೇ ಸರಿ. ಎರಡೂ ಕಡೆ ಕನ್ನಡ ‘ಕಾದರೆ’, ‘ಕಡಿಮೆಯಾದರೆ’ ಎನ್ನದೆ ‘ಉವುದಾದರೆ’ ಎಂಬ ಉದ್ದನೆಯ ರೂಪವನ್ನು ಹಿಡಿದಿದೆ. ಇಂಗ್ಲಿಷ್ ವ್ಯಾಕರಣ ಪುಸ್ತಕಗಳು ಅಪವಾದಗಳೆಂದು ಅಡಿಯಲ್ಲಿ ಸಣ್ಣಕ್ಷರದಲ್ಲಿ ಹಾಕುವುದನ್ನು ನಂಜನಗೂಡಿನ ಸಂತೆಯ ಮಾತು ಯೋಚಿಸದೆಯೇ ಬೇರೆ ಮಾಡಿ ಇಟ್ಟಿದೆ.

ಈ ಜೋಡಣೆ ಎಷ್ಟು ಹಳೆಯದೆಂದು ತಿಳಿಯಲು ಶಾಸನಗಳನ್ನು ನೋಡಬಹುದು. ಬಿ.ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳಿವೆ. ಕನ್ನಡ ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಒಂದು ಶಾಪಾಶಯ ಇರುತ್ತದೆ: ಈ ಧರ್ಮಕ್ಕೆ ‘ಅಳುಪಿದವರು’, ಅಂದರೆ ಕೇಡು ಬಗೆದವರು, ಇಂಥ ಪಾಪಕ್ಕೆ ‘ಹೋಹರು’, ಅಂದರೆ ಹೋಗುವರು. ‘ಅಳುಪಿದ’ ಭೂತ, ‘ಹೋಹರು’ ಭವಿಷ್ಯತ್ತು. ದಾನ ಕೊಟ್ಟ ದಿನ ಯಾರೂ ಅಳುಪಿರುವುದಿಲ್ಲ. ಅಳುಪಿದರೆಂದು ಇಟ್ಟುಕೊ, ಆಗ ಹೀಗಾಗುತ್ತದೆ ಎಂಬುದು ಅದರ ರೀತಿ. ಅದನ್ನು ಇಂಗ್ಲಿಷಿಗೆ ತಂದರೆ ಮೊದಲ ಕ್ರಿಯೆ ಸಾದಾ ವರ್ತಮಾನದಲ್ಲೂ ಎರಡನೆಯದು ‘ಶಲ್’ ಅಥವಾ ‘ವಿಲ್’ನಲ್ಲೂ ನಿಲ್ಲುತ್ತದೆ. ಮಾಹಾತ್ಮ್ಯ ಗ್ರಂಥಗಳ ಫಲಶ್ರುತಿಯದೂ ಇದೇ ನಡೆ. ‘ಕೇಳಿದವರು’ ಫಲ ‘ಪಡೆಯುವರು’. ಮೈಸೂರಿನ ದಳವಾಯಿಗಳ ಮನೆತನದ ಊರಾದ ಕಳಲೆಗೆ ಈ ನಡೆ ಅಪರಿಚಿತವಲ್ಲ. 18ನೆಯ ಶತಮಾನದ ಕಳಲೆ ನಂಜರಾಜ ಶೈವ ಮಾಹಾತ್ಮ್ಯಗಳನ್ನು ಕನ್ನಡದಲ್ಲಿ ಬರೆದವನು.

‘ಬರಲ್ಲ’, ‘ಬರ್ತೀನಿ’, ‘ಇರ್ತಾರೆ’

ನಿಷೇಧದಲ್ಲಿ ಕನ್ನಡ ಕಾಲವನ್ನು ಇನ್ನೂ ಸಡಿಲ ಬಿಡುತ್ತದೆ. ಹಳಗನ್ನಡದ ‘ಮಾಡೆಂ’, ‘ಬಾರಂ’ಗಳಿಗೆ ಕಾಲವೇ ಇರಲಿಲ್ಲ, ಮೂರು ಕಾಲಕ್ಕೂ ಅದೊಂದೇ. ಈಗಿನ ‘ಬರುವುದಿಲ್ಲ’, ಮಾತಿನ ‘ಬರಲ್ಲ’ ವಾಡಿಕೆಗೂ ನಾಳೆಗೂ ನಿರಾಕರಣೆಗೂ ಒಟ್ಟಿಗೆ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ‘ಹಿ ಡಸಂಟ್ ಈಟ್ ಮೀಟ್’ ಎಂದರೆ ಆತ ಮಾಂಸ ತಿನ್ನುವವನಲ್ಲ, ಅದು ಅವನ ರೂಢಿ. ‘ಹಿ ವೋಂಟ್ ಈಟ್ ಮೀಟ್’ ಎಂದರೆ ಬಡಿಸಿದರೂ ಒಲ್ಲೆ ಎನ್ನುತ್ತಾನೆ ಎಂಬ ಹಟದ ನೆರಳು ಬೀಳುತ್ತದೆ. ‘ವಿಲ್’ನ ಹಳೆಯ ಇಚ್ಛೆಯ ಅರ್ಥ ನಿಷೇಧದಲ್ಲೇ ಹೆಚ್ಚು ಜೀವಂತವಾಗಿದೆ. ಮನೆಗೆ ಊಟಕ್ಕೆ ಕರೆದವರಿಗೆ ತಂದೆಯ ವಿಷಯವಾಗಿ ‘ಹಿ ವೋಂಟ್ ಈಟ್ ಔಟ್‌ಸೈಡ್’ ಎಂದು ಬರೆದರೆ, ಸರಳವಾದ ಪದ್ಧತಿಯೊಂದು ಅವಮಾನದಂತೆ ಕೇಳಬಹುದು. ಈ ಒಂದು ಜಾಗದಲ್ಲಿ ಕನ್ನಡ ನೆರವಿಗೆ ಬರುವುದಿಲ್ಲ. ‘ತಿನ್ನುವವರಲ್ಲ’ ಎನ್ನಬಹುದೇ, ‘ತಿನ್ನಲು ಒಪ್ಪುವುದಿಲ್ಲ’ ಎನ್ನಬಹುದೇ ಎಂದು ಮನಸ್ಸಿನಲ್ಲಿ ಬಿಡಿಸಿ ನೋಡಿಯೇ ಆರಿಸಬೇಕು.

ಹೊರಡುವಾಗ ಹೇಳುವ ‘ಬರ್ತೀನಿ’ ಅನುವಾದಕ್ಕೆ ಸಿಗದ ಮಾತು. ಹೋಗುತ್ತೇನೆ ಎನ್ನುವುದು ಅಮಂಗಳವೆಂದು ಬಂದ ರೂಢಿ ಅದು. ‘ಐ ಕಮ್’ ಎಂದರೂ ತಪ್ಪು, ‘ಐ ವಿಲ್ ಗೋ ಅಂಡ್ ಕಮ್’ ಎಂದರೂ ಕೇಳಿದವರು ಕಾಯುತ್ತ ಕೂರುತ್ತಾರೆ. ಆದರೆ ಬಸ್‌ಸ್ಟಾಂಡಿನಲ್ಲಿ ಭಾರದ ಚೀಲ ಹೊತ್ತ ಅಜ್ಜಿಯನ್ನು ಕಂಡು ‘ಇರಜ್ಜಿ, ನಾನು ಎತ್ಕೊಡ್ತೀನಿ’ ಎಂದವನ ಮಾತು ನೇರವಾಗಿ ‘ಐ ವಿಲ್’ ಎಂದೇ ಬರಬೇಕು. ನಿರ್ಧಾರ ಆ ಗಳಿಗೆಯಲ್ಲಿ ಹುಟ್ಟಿದೆ. ಅಲ್ಲಿ ಸಾದಾ ವರ್ತಮಾನಕ್ಕೆ ಜಾಗವಿಲ್ಲ. ಮೊದಲೇ ಮನಸ್ಸು ಮಾಡಿದ್ದಾಗ, ಕನ್ನಡದಲ್ಲಿ ‘ಮಾಡಬೇಕು ಅಂತಿದ್ದೀನಿ’ ಎನ್ನುವಲ್ಲಿ, ‘ಗೋಯಿಂಗ್ ಟು’ ಬರುತ್ತದೆ. ಜನ ತಮ್ಮತಮ್ಮಲ್ಲಿ ಏರ್ಪಾಡು ಮಾಡಿಕೊಂಡ ಭೇಟಿ, ಪ್ರಯಾಣಗಳಿಗೆ ‘ಐ ಆಮ್ ಲೀವಿಂಗ್ ಟುಮಾರೋ’ ಎಂಬ ರೀತಿ ಸಲ್ಲುತ್ತದೆ. ಪತ್ರಿಕೆ ಮತ್ತು ಆಕಾಶವಾಣಿಯ ಕನ್ನಡ ಬೆಳೆಸಿಕೊಂಡಿರುವ ‘ನಡೆಯಲಿದೆ’, ‘ಆಗಮಿಸಲಿದ್ದಾರೆ’ ರೂಪಗಳು ಬೇರಾವ ಅರ್ಥಕ್ಕೂ ಎಡೆಕೊಡದ, ನಾಳೆಗೆಂದೇ ಮೀಸಲಾದ ಕನ್ನಡ ರೂಪಗಳು. ಅವು ಕಂಡಲ್ಲಿ ‘ವಿಲ್’ ಹಾಕಿದರೆ ತಪ್ಪಾಗುವ ಸಂಭವ ಬಹಳ ಕಡಿಮೆ.

ಪ್ರಮಾಣವಚನ ಇನ್ನೊಂದು ಸೂಕ್ಷ್ಮವನ್ನು ತೋರಿಸುತ್ತದೆ. ಭಾರತ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿರುವ ಪ್ರಮಾಣಗಳ ಇಂಗ್ಲಿಷ್ ಪಾಠದಲ್ಲಿ, ಪ್ರಮಾಣ ಮಾಡುವ ಕ್ರಿಯೆ ವರ್ತಮಾನದಲ್ಲಿದೆ, ನಿಷ್ಠೆಯಿಂದ ನಡೆದುಕೊಳ್ಳುವ ಕ್ರಿಯೆ ‘ವಿಲ್’ನಲ್ಲಿದೆ. ಪ್ರಮಾಣ ಆಡಿದ ಕ್ಷಣದಲ್ಲೇ ಮುಗಿಯುತ್ತದೆ, ನಡತೆ ಮುಂದೆ ಉಳಿಯುತ್ತದೆ. ಕನ್ನಡದಲ್ಲಿ ಎರಡಕ್ಕೂ ‘ಉತ್ತೇನೆ’ ಸಾಕು. ಒಪ್ಪುತ್ತೇನೆ, ಕ್ಷಮೆ ಕೇಳುತ್ತೇನೆ, ಘೋಷಿಸುತ್ತೇನೆ ಎಂಬ, ಹೇಳಿದ್ದೇ ಮಾಡಿದ್ದಾಗುವ ಮಾತುಗಳೆಲ್ಲ ಇಂಗ್ಲಿಷಿನಲ್ಲಿ ಸಾದಾ ವರ್ತಮಾನದವು. ‘ಐ ವಿಲ್ ಅಪಾಲಜೈಸ್’ ಎಂದು ಪತ್ರ ಬರೆದವನು ಇನ್ನೂ ಕ್ಷಮೆ ಕೇಳಿಲ್ಲ.

‘ಇದೆ’ ಮತ್ತು ‘ಇರುತ್ತದೆ’ಗಳ ನಡುವೆ ಕನ್ನಡಕ್ಕೆ ಸ್ಪಷ್ಟ ಭೇದವಿದೆ: ಮೊದಲನೆಯದು ಈಗಿನದು, ಎರಡನೆಯದು ವಾಡಿಕೆಯದು ಅಥವಾ ಮುಂದಿನದು. ‘ಭಾನುವಾರ ಮನೇಲಿ ಇರ್ತಾರೆ’ ಎಂಬುದು ಪ್ರತಿ ವಾರದ ಮಾತಾದರೆ ಇಂಗ್ಲಿಷಿನಲ್ಲಿ ‘ಈಸ್’ ಸಾಕು. ಬರುವ ಭಾನುವಾರದ ಮಾತಾದರೆ ‘ವಿಲ್ ಬಿ’. ‘ಇಷ್ಟೊತ್ತಿಗೆ ಮನೆ ತಲುಪಿರ್ತಾರೆ’ ಎಂಬ ಊಹೆಗೆ ‘ವಿಲ್ ಹ್ಯಾವ್ ರೀಚ್ಡ್’ ಒಪ್ಪುತ್ತದೆ. ಅಲ್ಲಿ ನಾಳೆಯ ಸುಳಿವೇ ಇಲ್ಲ, ಬರಿಯ ನಂಬಿಕೆ ಇದೆ. ಎರಡು ಭಾಷೆಗಳೂ ಊಹೆಗೆ ಮುಂದಿನ ರೂಪವನ್ನೇ ಎರವಲು ಪಡೆದಿರುವುದು ಗಮನಿಸತಕ್ಕ ಸಂಗತಿ. ನೀರಿನ ಮೇಲೆ ಎಣ್ಣೆ ತೇಲುತ್ತದೆ ಎಂಬಂಥ ಗುಣಸ್ವಭಾವಕ್ಕೂ ಇಂಗ್ಲಿಷಿನಲ್ಲಿ ‘ವಿಲ್’ ಉಂಟು. ಹೀಗಾಗಿ ದಕ್ಷಿಣದ ‘ವಿಲ್ ಗೆಟ್ ಅಪ್ ಅಟ್ ಫೈವ್’ ಇಂಗ್ಲಿಷಿನ ಗಡಿಯಾಚೆ ಹುಟ್ಟಿದ್ದಲ್ಲ. ಇರುವ ಒಂದು ಸಣ್ಣ ಕೋಣೆಯನ್ನು ಇಡೀ ಮನೆ ಮಾಡಿಕೊಂಡದ್ದು. ದಿನದ ರೂಢಿಯನ್ನು ಸುಮ್ಮನೆ ತಿಳಿಸುವಾಗ ‘ಗೆಟ್ಸ್ ಅಪ್’ ಎಂಬುದೇ ಬರಹದಲ್ಲಿ ಸಲ್ಲುವ ರೂಪ.

ಪಾಠ ಹೇಳುವವರು ಮಾಡಬೇಕಾದ ತಿದ್ದುಪಡಿ ದೊಡ್ಡದಲ್ಲ. ‘ಹೋಗುವನು’ಗೆ ‘ವಿಲ್ ಗೋ’ ಎಂಬ ಸಾಲನ್ನು ಪಟ್ಟಿಯಿಂದ ತೆಗೆದು, ‘ಹೋಗುತ್ತಾನೆ’ ಎಂಬ ಒಂದೇ ಮಾತಿನ ಮುಂದೆ ಎರಡು ಇಂಗ್ಲಿಷ್ ರೂಪಗಳನ್ನೂ ಬರೆಯಬೇಕು. ಅದರ ಕೆಳಗೆ ‘ಹೋದರೆ’, ‘ಹೋದಾಗ’, ‘ಹೋಗುತ್ತಾನೋ’ ಎಂಬ ಮೂರನ್ನು ಸೇರಿಸಬೇಕು. ಕಳಲೆಯ ಮಕ್ಕಳು ಇವನ್ನು ಕಲಿಯಬೇಕಾಗಿಲ್ಲ, ಮನೆಯಿಂದಲೇ ತಂದಿರುತ್ತಾರೆ. ಹಲಗೆಯ ಮೇಲೆ ಇಂಗ್ಲಿಷ್ ವಾಕ್ಯ ಬರೆಯುವ ಮೊದಲು, ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ ಎಂದು ಮೇಷ್ಟ್ರು ಒಮ್ಮೆ ಅವರನ್ನೇ ಕೇಳಲಿ.